ಘಮ್ ಅನ್ನೋವರೆಗೆ

ನಾನು ರೈಟರ್ ಎಂದು ತಿಳಿದ ಕೂಡಲೇ ಸೋದರಮಾವ, "ಎಷ್ಟು ಕಾದಂಬರಿ ಆಯ್ತೋ?" ಎಂದರು. "ಟೆಕ್ನಿಕಲ್ ರೈಟರ್ ಮಾವ. ಸಾಫ್ಟ್‌ವೇರ್ ಹೇಗೆ ಬಳಸಬೇಕು ಅಂತ ಬರೀತೀನಿ." "ಓ, ವಾಷಿಂಗ್ ಮಷಿನ್ ಜೊತೆ ಒಂದು ಪುಸ್ತಕ ಬರುತ್ತಲ್ಲ, ಆ ಥರದ್ದು!" ದನಿಯಲ್ಲಿ ಸಂತಾಪವಿತ್ತು. ಅವರ ಮನೆಯದು ಬೀರುವಿನಲ್ಲಿ ಭದ್ರವಾಗಿದೆಯಂತೆ, ಪ್ಲಾಸ್ಟಿಕ್ ಕವರು ಸಮೇತ.

ನಮ್ಮದೇನೂ ನಿನ್ನೆ ಮೊನ್ನೆಯ ಕುಲವಲ್ಲ. ಇಂಗ್ಲಿಷ್ ಕವಿ ಚಾಸರ್ 1391ರ ಸುಮಾರಿಗೆ ಹತ್ತು ವರ್ಷದ ಮಗ ಲೂಯಿಸನಿಗೆಂದು, ನಕ್ಷತ್ರಗಳ ಎತ್ತರ ಅಳೆಯುವ ಆಸ್ಟ್ರೋಲೇಬ್ ಬಳಸುವ ಬಗೆಯನ್ನು ಬರೆಯಲು ಕೂತ. ಐದು ಭಾಗ ಎಂದು ಹೇಳಿ ಎರಡಕ್ಕೇ ನಿಂತ. ನಮ್ಮ ವೃತ್ತಿಯ ಮೂಲಪುರುಷ ಎನ್ನಲು ಇಷ್ಟು ಸಾಕು.

ಆಫೀಸಿನಲ್ಲಿ ಇಂಜಿನಿಯರ್ ಹುಡುಗನನ್ನು ವಿವರ ಕೇಳಿದರೆ, "ಇದರಲ್ಲಿ ಬರೆಯೋಕೇನಿದೆ ಸಾರ್? ಒತ್ತಿದರೆ ಗೊತ್ತಾಗುತ್ತೆ" ಅನ್ನುತ್ತಾನೆ. ಅವನೇ ಶುಕ್ರವಾರ ಸಂಜೆ 'ಸಬ್ಮಿಟ್' ಬಟನ್ನನ್ನು 'ಸೇವ್' ಮಾಡಿ ಮನೆಗೆ ಹೋಗುತ್ತಾನೆ. ನಾನು ನಲವತ್ಮೂರು ಸ್ಕ್ರೀನ್‌ಶಾಟ್ ಮತ್ತೆ ತೆಗೆಯುತ್ತಾ ಕೂರುತ್ತೇನೆ.

ವಿಮಾನ ರಿಪೇರಿಯ ಕೈಪಿಡಿಗಳಿಗೆಂದೇ ಕಡೆದ ಒಂದು ಸರಳ ಇಂಗ್ಲಿಷ್ ಇದೆ. ಕೆಲಸ ಹೇಳುವ ವಾಕ್ಯ ಇಪ್ಪತ್ತು ಪದ ದಾಟಬಾರದು. ಒಂದು ಪದಕ್ಕೆ ಒಂದೇ ಅರ್ಥ. ಅಲ್ಲಿ 'ಫಾಲೋ' ಎಂದರೆ ಹಿಂದೆ ಬರುವುದು ಮಾತ್ರ. ನಿಯಮ ಪಾಲಿಸುವುದಕ್ಕೆ ಆ ಪದ ಸಲ್ಲದು. ಈ ಮಡಿ ಮೈಗೆ ಹತ್ತಿದ ಮೇಲೆ ಮನೆಯಲ್ಲಿ ಬದುಕುವುದು ಕಷ್ಟ. ಹೆಂಡತಿಯ 'ಆಯ್ತು' ಒಂದನ್ನೇ ನೋಡಿ. ಅಡುಗೆ ಮುಗಿಯಿತು ಎಂದೂ ಆಗಬಹುದು, ಒಪ್ಪಿದೆ ಎಂದೂ ಆಗಬಹುದು. 'ಆಯ್ತು ಬಿಡಿ' ಎಂದರೆ ಯಾವುದೂ ಆಗಿಲ್ಲ, ಇನ್ನು ಶುರುವಾಗಲಿದೆ ಎಂದರ್ಥ.

ಇಂಥ ನನಗೆ ಅಮ್ಮನ ಸಾರನ್ನು ಬರೆದಿಡುವ ಹುಕಿ ಬಂತು. ಹೈದರಾಬಾದಿಗೆ ಹೋದ ತಂಗಿಗೆ ಬೇಕಿತ್ತು. ಪೆನ್ನು ಹಿಡಿದು ಅಡುಗೆಮನೆಯಲ್ಲಿ ನಿಂತೆ.

"ಧನಿಯ ಎಷ್ಟು ಹೊತ್ತು ಹುರೀಬೇಕು?"

"ಘಮ್ ಅನ್ನೋವರೆಗೆ."

"ನಿಮಿಷದ ಲೆಕ್ಕದಲ್ಲಿ ಹೇಳಮ್ಮ."

"ನಿಮಿಷ ನೋಡ್ತಾ ನಿಂತರೆ ಸೀದುಹೋಗುತ್ತೆ ಕಣೋ."

"ಹುಣಸೆಹಣ್ಣು?"

"ನಿಂಬೆಹಣ್ಣಿನ ಗಾತ್ರ."

"ಯಾವ ನಿಂಬೆಹಣ್ಣು?" ಎಂದೆ. ಸೌಟು ಮೇಲೆದ್ದಿತು, ಮುಂದಿನ ಪ್ರಶ್ನೆಗೆ ಹೋದೆ.

ಅಂತೂ ಹದಿನೇಳು ಹಂತ ಬರೆದೆ. ಒಂದೂ ವಾಕ್ಯ ಇಪ್ಪತ್ತು ಪದ ಮೀರಿರಲಿಲ್ಲ. 'ಎಚ್ಚರಿಕೆ: ಸಾಸಿವೆ ಸಿಡಿಯುತ್ತದೆ' ಎಂದು ಚೌಕದೊಳಗೆ ಹಾಕಿದ್ದೆ, ಸಿಡಿಯುವ ಮೊದಲೇ ಕಾಣುವಂತೆ. ಅಮ್ಮ ಕನ್ನಡಕ ಏರಿಸಿ ಮೊದಲಿಂದ ಕೊನೆಯವರೆಗೆ ಓದಿದರು. ಇಷ್ಟು ವರ್ಷದ ನೌಕರಿಯಲ್ಲಿ ಹಾಗೆ ಓದಿದವರನ್ನು ಕಂಡದ್ದು ಅದೇ ಮೊದಲು, ಗಂಟಲು ಕಟ್ಟಿತು.

"ಹದಿನಾಲ್ಕರಲ್ಲಿ ಸ್ಟವ್ ಆರಿಸಿದೀಯ," ಎಂದರು ಅಮ್ಮ. "ಹದಿನೈದರಲ್ಲಿ ಒಗ್ಗರಣೆಗೆ ಎಣ್ಣೆ ಕಾಯಿಸು ಅಂತೀಯ. ಯಾತರ ಮೇಲೆ ಕಾಯಿಸ್ತಾಳೆ ಅವಳು, ನಿನ್ನ ತಲೆ ಮೇಲಾ?"

ತಿದ್ದಿ ಕಳಿಸಿದೆ. ತಂಗಿ ಅದನ್ನು ತೆರೆದೇ ಇಲ್ಲ. ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿಕೊಂಡು, ಘಮ್ ಅಂದ ಕೂಡಲೇ ಬಾಣಲೆ ಇಳಿಸಿದಳಂತೆ.