ಪಾರ್ಶ್ವಗೃಹ ಮೀಮಾಂಸೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಕನ್ನ, ಕಾವಲು ಮತ್ತು ನೆರೆಹೊರೆ

ಪಾರ್ಶ್ವಗೃಹವೆಂದರೆ ಪಕ್ಕದ ಮನೆ. ಅದರಲ್ಲಿ ವಾಸಿಸುವವನು ಪಾರ್ಶ್ವಗೃಹಿ. ಅವನು ತನ್ನ ಮನೆಯ ಜೊತೆಗೆ ಇನ್ನೊಬ್ಬರ ಮನೆಯನ್ನೂ ಕಾಯಬಲ್ಲನೆ, ಕಾಯುವುದಾದರೆ ಯಾವ ಕಾರಣಕ್ಕೆ ಕಾಯುತ್ತಾನೆ, ಕಾಯದೆ ಹೋದಾಗಲೂ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವನೇ ಏಕೆ ಬಂದು ನಿಲ್ಲುತ್ತಾನೆ ಎಂಬ ಮೂರು ಪ್ರಶ್ನೆಗಳ ವಿಚಾರಕ್ಕೆ ಪಾರ್ಶ್ವಗೃಹ ಮೀಮಾಂಸೆ ಎಂದು ಹೆಸರು. ಈ ವಿಚಾರಕ್ಕೆ ಚಾಮರಾಜನಗರದ ಸೀಮೆಯೇ ಕ್ಷೇತ್ರವಾದುದಕ್ಕೆ ಕಾರಣವಿದೆ. ಅರಿಕುಠಾರವೆಂದು ಕರೆಸಿಕೊಳ್ಳುತ್ತಿದ್ದ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟರು. 1997ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು. ಆದರೂ ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲವೆಂಬ ನಂಬಿಕೆ ಹಬ್ಬಿ, ಹಲವು ಮುಖ್ಯಮಂತ್ರಿಗಳು ಆ ಊರಿಗೆ ದೂರದಿಂದಲೇ ಕೈಮುಗಿದರು. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದೂ 2018ರಲ್ಲಿ ಐದು ವರ್ಷಗಳ ಅವಧಿಯನ್ನು ಪೂರೈಸಿದ ಮೇಲೆ ಆ ನಂಬಿಕೆಯ ಬಿಗಿ ಸಡಿಲಿತು. ರಾಜ್ಯದ ಅತ್ಯಂತ ಬಲಿಷ್ಠ ವ್ಯಕ್ತಿಯನ್ನು ಯಾವ ಖರ್ಚೂ ಇಲ್ಲದೆ ಊರ ಹೊರಗೆ ನಿಲ್ಲಿಸಬಲ್ಲ ಇಂಥ ಉಪಾಯವನ್ನು ಕೈಯಲ್ಲಿಟ್ಟುಕೊಂಡಿದ್ದ ಜನ ಅದನ್ನು ಕಳ್ಳರ ಮೇಲೆ ಒಮ್ಮೆಯೂ ಪ್ರಯೋಗಿಸಲಿಲ್ಲವೆಂಬುದು ವಿದ್ವಾಂಸರ ಗಮನಕ್ಕೆ ಬಾರದೆ ಉಳಿದಿದೆ.

ಮೊದಲಿಗೆ ಪ್ರತಿಪಕ್ಷದ ಶಾಸ್ತ್ರವನ್ನು ತಿಳಿಯಬೇಕು. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಹಾಕುವ ಮುನ್ನ ಗೋಡೆಯಲ್ಲಿ ಕೊರೆಯಬಹುದಾದ ರಂಧ್ರಗಳು ಅರಳಿದ ಕಮಲ, ಸೂರ್ಯ, ಎಳೆಚಂದ್ರ, ಬಾವಿ, ಸ್ವಸ್ತಿಕ, ಪೂರ್ಣಕುಂಭ ಮೊದಲಾಗಿ ಏಳು ಬಗೆಯವೆಂದು ಎಣಿಸಿ, ಸುಟ್ಟ ಇಟ್ಟಿಗೆಯ ಗೋಡೆಗೆ ಪೂರ್ಣಕುಂಭವೇ ಒಪ್ಪುವುದೆಂದು ನಿರ್ಣಯಿಸಿ, ಅಳತೆಯ ದಾರವನ್ನು ಮರೆತು ಬಂದದ್ದರಿಂದ ಜನಿವಾರದಲ್ಲಿಯೇ ಅಳೆಯುತ್ತಾನೆ. 1860ರ ಭಾರತೀಯ ದಂಡ ಸಂಹಿತೆಯ 445ನೆಯ ಕಲಮಿನಲ್ಲಿ ಮನೆ ಒಡೆಯುವ ವಿಧಾನಗಳು ಆರೇ ಆರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅವನ್ನು ಹೆಚ್ಚಿಸಲಿಲ್ಲ. ಇಷ್ಟು ಶತಮಾನಗಳ ಅವಧಿಯಲ್ಲಿ ಒಂದು ವಿಧಾನ ಲುಪ್ತವಾದುದಲ್ಲದೆ ಕಮಲ, ಕುಂಭಗಳ ಸೌಂದರ್ಯದೃಷ್ಟಿಯೂ ಸಂಪೂರ್ಣ ಮಾಯವಾದುದು ಆಧುನಿಕ ನ್ಯಾಯಶಾಸ್ತ್ರಕ್ಕೆ ಆದ ನಷ್ಟ. ಆರರಲ್ಲಿ ಒಂದು, ಬೀಗ ತೆರೆದು ಒಳಹೋಗುವುದು. ಬಾಗಿಲವಾಡದ ಮೇಲೆ, ತುಳಸಿಕಟ್ಟೆಯ ಹಿಂದೆ, ಮೀಟರ್ ಪೆಟ್ಟಿಗೆಯೊಳಗೆ ಅಥವಾ ಹಳೆಯ ಚಪ್ಪಲಿಯ ಕೆಳಗೆ ಮನೆಯವರೇ ಇಟ್ಟುಹೋದ ಕೀಲಿಯನ್ನು ತೆಗೆದುಕೊಂಡು ಬಾಗಿಲು ತೆರೆದು ಹೋದರೂ ಕಾನೂನಿನ ಕಣ್ಣಿಗೆ ಅದು ಮನೆ ಒಡೆದಂತೆಯೇ, ಏನೂ ಒಡೆಯದಿದ್ದರೂ.

ನಿವಾರಣೋಪಾಯಗಳ ವಿಷಯದಲ್ಲಿ ಬೀಗವಾದ, ಶ್ವಾನವಾದ, ಕ್ಯಾಮೆರಾವಾದವೆಂಬ ಮೂರು ಪಂಥಗಳಿವೆ. ಬೀಗವಾದಿಗಳು ಹೊರಗೆ ತೂಗುವ ದೊಡ್ಡ ಬೀಗವೇ ಒಳಗೆ ಯಾರೂ ಇಲ್ಲವೆಂಬ ಪ್ರಕಟಣೆಯೆಂಬುದನ್ನು ಒಪ್ಪುವುದಿಲ್ಲ. ಕ್ಯಾಮೆರಾವಾದಿಗಳು ಮಂಕಿಕ್ಯಾಪ್ ಧರಿಸಿದ ಆಕೃತಿಯೊಂದರ ಸ್ಪಷ್ಟವಾದ ಚಿತ್ರವನ್ನು ಪಡೆದು ತೃಪ್ತರಾಗುತ್ತಾರೆ. ಶ್ವಾನವಾದಕ್ಕೆ ಈ ಸೀಮೆಯಲ್ಲಿ ಮಾತ್ರ ಇರುವ ವಿಘ್ನವನ್ನು ಮುಂದೆ ಹೇಳಲಾಗುವುದು.

ಇವುಗಳಿಗಿಂತ ಗಂಭೀರವಾದುದು ಅನುಮಾನವಾದ. ನ್ಯಾಯಶಾಸ್ತ್ರದಲ್ಲಿ ಅನುಮಾನವೆಂದರೆ ಸಂಶಯವಲ್ಲ, ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವಂತೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ಕ್ರಮ. ಹಾಗೆ ಊಹಿಸಲು ಆಧಾರವಾದ ಗುರುತು ಹೇತು. ಕಳ್ಳನು ಈ ಶಾಸ್ತ್ರದಲ್ಲಿ ಪಾರಂಗತ. ಈ ಮನೆಯಲ್ಲಿ ಜನರಿಲ್ಲ ಎಂಬುದು ಅವನ ಪ್ರತಿಜ್ಞೆ. ಹೊಸ್ತಿಲ ಮುಂದೆ ರಂಗೋಲಿ ಇಲ್ಲದಿರುವುದು, ಗೇಟಿನ ಬಳಿ ಎರಡು ದಿನದ ಪತ್ರಿಕೆ ಬಿದ್ದಿರುವುದು, ಹಗಲಿನಲ್ಲಿಯೂ ಹೊರಗಿನ ದೀಪ ಉರಿಯುತ್ತಿರುವುದು ಅವನ ಹೇತುಗಳು. ಹಾಗಾದರೆ ಪಾರ್ಶ್ವಗೃಹಿಯ ಕರ್ತವ್ಯವೇನೆಂದರೆ ಹೇತ್ವಾಭಾಸವನ್ನು, ಅಂದರೆ ನಿಜವಾದ ಹೇತುವಿನಂತೆ ತೋರುವ ಸುಳ್ಳು ಹೇತುವನ್ನು ಕಳ್ಳನೆದುರು ನಿರ್ಮಿಸುವುದು: ಮನೆಯವರು ಊರಲ್ಲಿಲ್ಲದಾಗ ಅವರ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು, ಹಾಲಿನ ಪ್ಯಾಕೆಟ್ಟನ್ನು ತೆಗೆದು ತಾವೇ ಕಾಯಿಸಿಕೊಳ್ಳುವುದು, ಸಂಜೆ ದೀಪ ಹಾಕಿ ಬೆಳಿಗ್ಗೆ ಆರಿಸುವುದು. ನೆರೆಮನೆಯ ಗೃಹಿಣಿಯೊಬ್ಬಳು ಮೂರು ಗೆರೆ ಎಳೆದು ಒಬ್ಬ ತಾರ್ಕಿಕನನ್ನು ಸೋಲಿಸಬಲ್ಲಳೆಂಬುದು ಸಾಮಾನ್ಯ ಸಾಧನೆಯಲ್ಲ. ಪ್ರಯೋಗದಲ್ಲಿರುವ ತೊಡಕು ಒಂದೇ: ಆಕೆ ತನ್ನ ಮನೆಯ ಮುಂದೆ ಸುತ್ತುಬಳ್ಳಿಯ ದೊಡ್ಡ ರಂಗೋಲಿ ಬಿಟ್ಟು ಪಕ್ಕದ ಹೊಸ್ತಿಲಿಗೆ ಎರಡೆಳೆ ಎಳೆದು ಮುಗಿಸಿದರೆ, ಎರಡೂ ಒಂದೇ ಕೈಯವೆಂದು ಕಳ್ಳನಿಗೆ ತಿಳಿಯದಿದ್ದರೂ ಊರಿನಿಂದ ಹಿಂದಿರುಗಿದ ಮನೆಯೊಡತಿಗೆ ತಿಳಿಯುತ್ತದೆ.

ಅನುಮಾನವಾದ ಪೂರ್ಣವಾಗಿ ಕುಸಿಯುವುದು ಜಾತ್ರೆಯ ದಿನಗಳಲ್ಲಿ. ಆಷಾಢದ ಚಾಮರಾಜೇಶ್ವರ ರಥೋತ್ಸವಕ್ಕೆ, ಬೇರೆಡೆ ಅತ್ತೆಸೊಸೆಯರೂ ಗಂಡಹೆಂಡಿರೂ ಅಗಲಿರಬೇಕಾದ ಆ ತಿಂಗಳಿನಲ್ಲಿ, ನವದಂಪತಿಗಳು ಕೂಡಿಯೇ ಬಂದು ತೇರಿಗೆ ಹಣ್ಣು–ಜವನ ಎಸೆಯುತ್ತಾರೆ. ಅವರ ಹಿಂದೆ ಎರಡೂ ಕಡೆಯ ಬಂಧುಬಳಗ ಬರುತ್ತದೆ. ದೀಪಾವಳಿ, ಶಿವರಾತ್ರಿ, ಯುಗಾದಿಗಳಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಬೀದಿಯವರೆಲ್ಲ ಸೇರಿ ಒಂದೇ ಟೆಂಪೋ ಮಾಡಿಕೊಂಡು ಹೋಗುತ್ತಾರೆ. ಆಗ ಪಾರ್ಶ್ವಗೃಹಿಯೂ ಟೆಂಪೋದ ಒಳಗೇ ಇರುವುದರಿಂದ ಹೇತ್ವಾಭಾಸವನ್ನು ನಿರ್ಮಿಸಲು ಯಾರೂ ಉಳಿಯುವುದಿಲ್ಲ. ನೆರೆಹೊರೆಯ ಸಹಕಾರ ಪರಾಕಾಷ್ಠೆಯನ್ನು ಮುಟ್ಟಿದ ಕ್ಷಣವೇ ಬೀದಿ ಅತ್ಯಂತ ಅರಕ್ಷಿತವಾಗುವುದು ಗಮನಾರ್ಹ.

ಇನ್ನು ಕಾವಲಿನ ಇತಿಹಾಸ. ಪ್ರಾಚೀನರು ಪಾರ್ಶ್ವಗೃಹಿಯ ಸದ್ಭಾವನೆಯನ್ನು ನಂಬಿದವರಲ್ಲ, ಅವನ ಗಂಟನ್ನು ನಂಬಿದವರು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ ಊರೊಳಗೆ ವರ್ತಕರ ಸರಕು ಕಳುವಾದರೆ ಗ್ರಾಮದ ಮುಖ್ಯಸ್ಥನು ತುಂಬಿಕೊಡಬೇಕು. ಊರುಗಳ ನಡುವೆ ಕಳುವಾದರೆ ಗೋಮಾಳದ ಅಧ್ಯಕ್ಷನು, ಗೋಮಾಳವೂ ಇಲ್ಲದೆಡೆ ಚೋರರಜ್ಜುಕನೆಂಬ, ಕಳ್ಳರನ್ನು ಹಿಡಿಯಲೆಂದೇ ನೇಮಕಗೊಂಡ ಅಧಿಕಾರಿಯು. ಯಾಜ್ಞವಲ್ಕ್ಯ ಸ್ಮೃತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಳವು ನಡೆದ ಎಲ್ಲೆಯ ಊರು ಇಲ್ಲವೇ ಕಳ್ಳನ ಹೆಜ್ಜೆ ಹೋಗಿ ಸೇರಿದ ಊರು ನಷ್ಟವನ್ನು ಕೊಡತಕ್ಕದ್ದೆಂದು ವಿಧಿಸಿತು. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು, ಆದ್ದರಿಂದ ನಮ್ಮವನೇ. ಈ ವಿಧಿಯ ತರುವಾಯ ಗ್ರಾಮಸ್ಥರ ಸಾಮೂಹಿಕ ಶ್ರಮವೆಲ್ಲ ಹೆಜ್ಜೆಯನ್ನು ಮುಂದಿನ ಊರಿನ ಗಡಿ ದಾಟಿಸುವುದರಲ್ಲಿ ವಿನಿಯೋಗವಾಗಿರಬೇಕೆಂದು ಊಹಿಸಲು ಅಡ್ಡಿಯಿಲ್ಲ. ಇಂಗ್ಲೆಂಡಿನಲ್ಲಿಯೂ 1285ರ ವಿಂಚೆಸ್ಟರ್ ಶಾಸನ ಇದನ್ನೇ ಹೇಳಿತು: ಕಳ್ಳನನ್ನು ಕಂಡವರು ಬೊಬ್ಬೆ ಹಾಕಬೇಕು, ಕೇಳಿದವರು ಬೆನ್ನಟ್ಟಬೇಕು, ಹಿಡಿದೊಪ್ಪಿಸದಿದ್ದರೆ ಆ ಭಾಗದ ಜನರೆಲ್ಲ ಸೇರಿ ನಷ್ಟ ಕಟ್ಟಬೇಕು. 1982ರಲ್ಲಿ ಅದೇ ದೇಶದ ಚೆಷೈರಿನ ಮಾಲಿಂಗ್ಟನ್ ಎಂಬ ಹಳ್ಳಿಯಲ್ಲಿ ನೆರೆಹೊರೆ ಕಾವಲು ಮತ್ತೆ ಆರಂಭವಾದಾಗ ನಷ್ಟದ ಮಾತನ್ನು ಕೈಬಿಟ್ಟು ಕಿಟಕಿಗೆ ಅಂಟಿಸುವ ಚೀಟಿಯನ್ನು ಉಳಿಸಿಕೊಳ್ಳಲಾಯಿತು.

ಮೈಸೂರು ಸೀಮೆಯಲ್ಲಿ ಊರ ಕಾವಲು ತಳವಾರನದು. ಪ್ರತಿಫಲವಾಗಿ ಅವನಿಗೆ ಇನಾಮು ಜಮೀನೋ ಕಣದಲ್ಲಿ ಧಾನ್ಯದ ಪಾಲೋ ಸಲ್ಲುತ್ತಿತ್ತು. 1961ರ ಅಧಿನಿಯಮ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿತು. ಅದು ಆಗಬೇಕಾದದ್ದೇ, ಏಕೆಂದರೆ ಊರೆಲ್ಲ ಮಲಗಲೆಂದು ಒಂದು ಮನೆತನ ತಲೆಮಾರುಗಟ್ಟಲೆ ಎದ್ದಿರಬೇಕೆಂಬುದಕ್ಕೆ ಸಮರ್ಥನೆಯಿಲ್ಲ. ಆದರೆ ಯಾರಾದರೂ ಎದ್ದಿರಲೇಬೇಕೆಂಬುದು ಬೇಗನೆ ಮನವರಿಕೆಯಾಗಿ 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಅಧಿನಿಯಮ ಬಂದಿತು. 2017ರಲ್ಲಿ ಪೊಲೀಸ್ ಇಲಾಖೆಯು ಸುಧಾರಿತ ಗಸ್ತು ವ್ಯವಸ್ಥೆಯನ್ನು ತಂದು, ಪ್ರತಿಯೊಂದು ಗಸ್ತಿಗೂ ನಾಗರಿಕ ಸದಸ್ಯರನ್ನು ಸೇರಿಸಿಕೊಂಡಿತು. ಸದಸ್ಯರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಶುಭೋದಯ ಕೋರುತ್ತಿರುವುದು ಎಲ್ಲರೂ ಎಚ್ಚರವಾಗಿದ್ದಾರೆಂಬುದಕ್ಕೆ ಪ್ರಮಾಣ, ಬೆಳಗಿನ ಮಟ್ಟಿಗೆ.

ರಾತ್ರಿಯ ವಿಚಾರದಲ್ಲಿ ಗುಂಡ್ಲುಪೇಟೆಗೆ ವಿಶೇಷ ಅನುಕೂಲವಿದೆಯೆಂದು ಪೂರ್ವಪಕ್ಷ ವಾದಿಸುತ್ತದೆ. 2009ರಿಂದ ಬಂಡೀಪುರದ ಮೂಲಕ ವಯನಾಡಿಗೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷಿದ್ಧ. ಎರಡು ದಿಕ್ಕುಗಳಲ್ಲಿ ಹುಲಿಯೇ ಬಾಗಿಲು ಹಾಕಿ ಕುಳಿತಿರುವಾಗ ಕಳ್ಳನು ಹೋಗುವುದೆಲ್ಲಿಗೆ? ಮೈಸೂರಿಗೂ ತೆರಕಣಾಂಬಿಗೂ ರಸ್ತೆಗಳಿವೆಯೆಂಬುದು ಇದಕ್ಕೆ ಉತ್ತರ. ಅಷ್ಟೇ ಅಲ್ಲ, ವನ್ಯಮೃಗಗಳು ಕಳ್ಳನ ಪಕ್ಷದಲ್ಲಿ ಸಾಕ್ಷಿ ನುಡಿಯುವುದೂ ಉಂಟು. ಕಳವಾದ ಮರುದಿನ ನೆರೆದ ನೆರೆಹೊರೆಯವರು, ಕಳ್ಳನ ಹೆಜ್ಜೆಗುರುತುಗಳ ಮೇಲೆಯೇ ನಿಂತು, ‘ನಾಯಿ ಬೊಗುಳ್ತಿತ್ತು ಕನಪ್ಪ, ಚಿರತೆ ಬಂದದೇನೋ ಅನ್ಕಂಡು ಬಾಗ್ಲು ತೆಗಿನಿಲ್ಲ’ ಎನ್ನುವುದರಲ್ಲಿ ಸುಳ್ಳಿಲ್ಲ. ಈ ಸೀಮೆಯಲ್ಲಿ ನಾಯಿ ಬೊಗಳಿದರೆ ಚಿರತೆಯೂ ಒಂದು ಸಂಭವವೇ. ಶ್ವಾನವಾದಕ್ಕೆ ಇರುವ ವಿಘ್ನವೆಂದದ್ದು ಇದನ್ನೇ.

ಆದರೆ ಇದೇ ಜನರು ಹಂಗಳ, ಮೇಲುಕಾಮನಹಳ್ಳಿಗಳಂಥ ಕಾಡಂಚಿನ ಊರುಗಳಲ್ಲಿ ಆನೆ, ಕಾಡುಹಂದಿಗಳಿಂದ ಬೆಳೆಯನ್ನುಳಿಸಲು ಅಟ್ಟಣೆಯೇರಿ, ಟಾರ್ಚು ಹಿಡಿದು, ಒಬ್ಬನು ಕೂಗಿದರೆ ಹತ್ತು ಹೊಲದವರು ಕೂಗಿ, ಪಟಾಕಿ ಹಚ್ಚಿ ರಾತ್ರಿಯೆಲ್ಲ ಎಚ್ಚರವಾಗಿರುತ್ತಾರೆ. ವಿಂಚೆಸ್ಟರ್ ಶಾಸನವನ್ನು ಓದದೆಯೇ ಅದನ್ನು ಅಕ್ಷರಶಃ ಪಾಲಿಸುವ ಇವರು ಊರೊಳಗೆ ಏಕೆ ಬಾಗಿಲು ತೆರೆಯುವುದಿಲ್ಲ? ಧೈರ್ಯದ ಕೊರತೆಯೆನ್ನಲಾಗದು, ಕಳ್ಳನಿಗಿಂತ ಆನೆ ದೊಡ್ಡದು. ಕಾರಣವಿಷ್ಟೆ: ಆನೆ ಒಬ್ಬನ ಬಾಳೆಯನ್ನು ತಿಂದು ಅಲ್ಲಿಗೇ ನಿಲ್ಲುವುದಿಲ್ಲ, ಅದೇ ರಾತ್ರಿ ಪಕ್ಕದವನ ಮುಸುಕಿನ ಜೋಳಕ್ಕೂ ಬರುತ್ತದೆ, ಕಳ್ಳನು ಒಂದು ಮನೆಯನ್ನು ಆರಿಸಿಕೊಂಡು, ಮುಗಿಸಿ, ಹೊರಟುಹೋಗುತ್ತಾನೆ. ಆನೆಯ ಹಾವಳಿಯಲ್ಲಿ ಎಲ್ಲರೂ ಪಾಲುದಾರರು, ಕಳವಿನಲ್ಲಿ ಒಬ್ಬನು ಕಳೆದುಕೊಂಡವನು, ಉಳಿದವರು ಪ್ರೇಕ್ಷಕರು. ಹೊಲ ಕಾಯಲು ಗಂಡಸರು ಹೋಗಿರುವ ರಾತ್ರಿಯೇ ಮನೆ ಕಳ್ಳನಿಗೆ ತೆರೆದುಕೊಳ್ಳುವುದು ಇದರ ಉಪಸಿದ್ಧಾಂತ.

ಆದಕಾರಣ ಯಾಜ್ಞವಲ್ಕ್ಯನ ವಿಧಿಯನ್ನು ಈ ಸೀಮೆಗೆ ಪರಿಚಿತವಾದ ಚೀಟಿಯ ರೂಪದಲ್ಲಿ ಮರಳಿ ತರುವುದೇ ಪ್ರಸ್ತುತ ಮೀಮಾಂಸೆಯ ಸಿದ್ಧಾಂತ: ಬೀದಿಯ ಪ್ರತಿಯೊಂದು ಮನೆಯೂ ತಿಂಗಳಿಗಿಷ್ಟೆಂದು ಕಟ್ಟುವುದು, ಯಾರ ಮನೆಗೆ ಕನ್ನ ಬಿದ್ದರೂ ಅವರ ನಷ್ಟವನ್ನು ಚೀಟಿಯಿಂದ ತುಂಬುವುದು, ವರ್ಷಾಂತ್ಯದವರೆಗೆ ಏನೂ ಕಳುವಾಗದಿದ್ದರೆ ಹಣವನ್ನು ಹಂಚಿಕೊಳ್ಳುವುದು. ಇದನ್ನು ಜಾರಿಗೆ ತಂದ ಮೊದಲನೆಯ ರಾತ್ರಿಯಿಂದಲೇ ಬೀದಿಯಲ್ಲಿ ಯಾರೂ ನಿದ್ದೆಮಾಡಲಾರರು. ಅವರು ಕಾಯುವುದು ಕಳ್ಳನನ್ನೆಂದು ತಿಳಿಯಬಾರದು. ಪಕ್ಕದ ಮನೆಯವನು ತನ್ನ ಹೆಂಡತಿಯ ಸರವನ್ನು ತಾನೇ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟು ಬೆಳಿಗ್ಗೆ ಬಾಯಿ ಬಡಿದುಕೊಳ್ಳುವನೇನೋ ಎಂದು, ಪ್ರತಿಯೊಬ್ಬನೂ ದೀಪವಾರಿಸಿ ಕಿಟಕಿಯ ಸಂದಿನಲ್ಲಿ ಕಣ್ಣಿಟ್ಟು, ಆ ಮನೆಯ ಮುಂಬಾಗಿಲು, ಹಿತ್ತಿಲ ಬಾಗಿಲುಗಳನ್ನು ಬೆಳಗಾಗುವ ತನಕ ಕಾಯುತ್ತಾನೆ. ಕಾವಲಿಗೆ ಕಾರಣ ಯಾವುದಾದರೇನು, ಕಣ್ಣು ಬೇಕಾದ ಬಾಗಿಲ ಮೇಲೆಯೇ ಇರುತ್ತದೆ.