ಸೊಕ್ಕಿನ ಲ್ಯಾಪ್‌ಟಾಪು

ಯಾದಗಿರಿ ಆಫೀಸಿನ ಲ್ಯಾಪ್‌ಟಾಪು ಶನಿವಾರ ಬಸ್ ಹತ್ತಿ ಸುರಪುರಕ್ಕ ಬಂತು. ಮನ್ಯಾಗ ವೈಫೈ ಅದ, ನೆಟ್ ಇಲ್ಲ.

"ಕಾಕಾ, ಇದಕ್ಕ ಏನಾಗ್ಯಾದ?"

"ಆಫೀಸಿನ್ಯಾಗ ಐಪಿ ನಂಬರ್ ಕೈಲೆ ಬರದು ಕೂಡಿಸ್ಯಾರ, ತಮ್ಮಾ. ಮನಿ ರೌಟರ್ ಬಂದವರಿಗೆಲ್ಲಾ ತಾನೇ ನಂಬರ್ ಹಂಚತದ. ಇದು ಕೈ ಚಾಚವಲ್ದು."

"ಸೊಕ್ಕೇನು?"

"ಸರ್ಕಾರಿ ನೌಕರಿ ನೋಡು! ಮ್ಯಾಲ ಪ್ರಾಕ್ಸಿ ಬ್ಯಾರೆ. ಒಂದೊಂದು ಪುಟಕ್ಕೂ ಯಾದಗಿರಿ ಸಾಹೇಬರ ಪರವಾನಗಿ ಕೇಳತದ."

"ಯಾದಗಿರಿ ಜಿಲ್ಲಾ ಆದಮ್ಯಾಲ ನಾವೂ ಅದನ್ನೇ ಮಾಡೀವಿ."

"ಮೊದಲು ಕಲಬುರಗಿ ತನಕ ಓಡತಿದ್ದಿವಿ, ಅದು ಮರೀಬ್ಯಾಡ. ಐಪಿ 'ಆಟೋಮ್ಯಾಟಿಕ್' ಮಾಡು, ಪ್ರಾಕ್ಸಿ ಬಂದ್ ಮಾಡು."

ನೆಟ್ ಬಂತು.

"ಸೋಮವಾರ ಆಫೀಸಿನ್ಯಾಗ?"

"ಹಳೇ ನಂಬರ್ ಮತ್ತ ತುಂಬು, ಪ್ರಾಕ್ಸಿ ಚಾಲೂ ಮಾಡು. ಬರಕೊಂಡಿ ಇಲ್ಲ?"

ಹುಡುಗ ಶಹಾಪುರದ ಗುಡ್ಡದ ಬುದ್ಧನಂಗ ಸುಮ್ಮನ ಮಲಗಿಬಿಟ್ಟ.