ಸೋದರಳಿಯ ನಿಗ್ರಹ ಮೀಮಾಂಸೆ

ರಾತ್ರಿ ಹತ್ತಾದ ಮೇಲೆ ಅಳಿಯನ ಕೈಯಿಂದ ಲ್ಯಾಪ್‌ಟಾಪ್ ಬಿಡಿಸುವುದು ಹೇಗೆ? ಇದು ಈ ಮಹಾಪ್ರಬಂಧದ ಸಂಶೋಧನಾ ಸಮಸ್ಯೆ. ಅಧ್ಯಯನದ ವ್ಯಾಪ್ತಿ: ಮೈಸೂರಿನ ಒಂದು ಬಾಡಿಗೆ ಮನೆ, ಪಿಯುಸಿ ಓದಲೆಂದು ಅಕ್ಕ ನಮ್ಮಲ್ಲಿ ಬಿಟ್ಟುಹೋದ ಒಬ್ಬ ಹುಡುಗ, ಒಂದು ವೈಫೈ ಡಬ್ಬಿ. ಮಾದರಿಯ ಗಾತ್ರ ಒಂದೇ ಆಯಿತೆಂದು ಆಕ್ಷೇಪಿಸುವ ವಿದ್ವಾಂಸರು ತಮ್ಮ ಅಕ್ಕನ ಮಗನನ್ನೂ ಕಳಿಸಿಕೊಡಲಿ ಎನ್ನುತ್ತಿದ್ದೆ, ಈಗ ಎನ್ನುವುದಿಲ್ಲ.

ಈ ಶಾಸ್ತ್ರದ ಮೂಲ ನಮ್ಮೂರಲ್ಲೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಇಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿ, ಅಚ್ಚಾದದ್ದು 1909ರಲ್ಲಿ. ಅದರ ಮೊದಲ ಅಧಿಕರಣದಲ್ಲಿ ರಾಜಕುಮಾರರನ್ನು ಹದ್ದುಬಸ್ತಿನಲ್ಲಿಡುವ ಬಗ್ಗೆ ಆಚಾರ್ಯರ ದೊಡ್ಡ ಜಗಳವೇ ಇದೆ. ಭಾರದ್ವಾಜರ ಪ್ರಕಾರ ಅವರು ಏಡಿಯ ಜಾತಿ, ಹೆತ್ತವರನ್ನೇ ತಿನ್ನುವವರು. ವಿಶಾಲಾಕ್ಷರು ಒಂದೇ ಕಡೆ ಕೂಡಿಹಾಕಿ ಎನ್ನುತ್ತಾರೆ. ಪರಾಶರ ಪಂಥದವರು ಗಡಿಕೋಟೆಗೆ ಅಟ್ಟುತ್ತಾರೆ. ಕೌಣಪದಂತರ ಮತದಲ್ಲಿ ತಾಯಿಯ ಕಡೆಯ ನೆಂಟರಲ್ಲಿ ಬಿಡುವುದೇ ಲೇಸು. ನಮ್ಮಕ್ಕ ಅರ್ಥಶಾಸ್ತ್ರ ಓದಿದವಳಲ್ಲ. ಆದರೂ ಅವಳು ಕೌಣಪದಂತ ಪಂಥದವಳೆಂಬುದು ನಿರ್ವಿವಾದ. ವಾತವ್ಯಾಧಿ ಎಂಬಾತ ಮಾತ್ರ, ಸುಖದಲ್ಲಿ ಮುಳುಗಿಸಿಬಿಡಿ, ಆಮೇಲೆ ಮಗ ತಿರುಗಿಬೀಳುವುದಿಲ್ಲ ಎಂದ. ಇಂದಿನ ಪರಿಭಾಷೆಯಲ್ಲಿ ಇದಕ್ಕೆ ಅನ್‌ಲಿಮಿಟೆಡ್ ಪ್ಲಾನ್ ಎನ್ನುತ್ತಾರೆ. (ಕೀಲುನೋವಿನ ಹೆಸರಿಟ್ಟುಕೊಂಡ ಆಚಾರ್ಯನಿಗೆ ಮನೆಯಲ್ಲಿ ನೆಮ್ಮದಿಯೊಂದೇ ಬೇಕಿತ್ತೆಂದು ನನ್ನ ಊಹೆ.) ಕೌಟಿಲ್ಯ ಅದನ್ನು ಒಪ್ಪಲಿಲ್ಲ. ಕೌಟಿಲ್ಯನಿಗೆ ವೈಫೈ ಇರಲಿಲ್ಲ.

ಮೊದಲು ಇತಿಹಾಸಕಾರನ ಮಾರ್ಗ ಹಿಡಿದೆ. ಬ್ರೌಸರಿನ ಹಿಸ್ಟರಿ ತೆರೆದರೆ ಮೂರು ತಿಂಗಳಿಗೆ ಒಂದೇ ನಮೂದು: ಭೌತಶಾಸ್ತ್ರದ ಹಳೆಯ ಪ್ರಶ್ನೆಪತ್ರಿಕೆ. ಒಂದೇ ಶಾಸನ ಬಿಟ್ಟುಹೋದ ರಾಜವಂಶದ ಮೇಲೆ ಇತಿಹಾಸಕಾರನಿಗೆ ಬರುವ ಸಂಶಯ ನನಗೂ ಬಂತು. ಕ್ರೋಮ್‌ನಲ್ಲಿ 2008ರಿಂದಲೂ ಟೋಪಿ ಕನ್ನಡಕದ ಮಹಾಶಯನೊಬ್ಬ ಕೂತಿದ್ದಾನೆ, ಅವನ ಕಿಟಕಿಯಲ್ಲಿ ನೋಡಿದ್ದು ಹಿಸ್ಟರಿಯಲ್ಲಿ ಉಳಿಯುವುದಿಲ್ಲವೆಂಬ ಜ್ಞಾನೋದಯ ಆಮೇಲಾಯಿತು.

ಬಳಿಕ ಪ್ರತಿಬಂಧಕ ಮಾರ್ಗ. ಪ್ರತಿ ಯಂತ್ರಕ್ಕೂ ಹನ್ನೆರಡು ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸವಿರುತ್ತದೆ. ಆ ವಿಳಾಸವನ್ನು ವೈಫೈ ಡಬ್ಬಿಯಲ್ಲಿ ಬಹಿಷ್ಕರಿಸಿದರಾಯಿತು. ಬಹಿಷ್ಕರಿಸುವುದು ನನಗೆ ಬರಲಿಲ್ಲ. "ಕೊಡಿ ಮಾಮ, ನಾನೇ ಹಾಕ್ಕೊಡ್ತೀನಿ" ಎಂದು ಅಳಿಯನೇ ಮುಂದೆ ಬಂದು ತನ್ನ ಯಂತ್ರವನ್ನು ತಾನೇ ಊರಾಚೆ ಹಾಕಿದ. ಆ ವಿನಯಕ್ಕೆ ಮನಸ್ಸು ಕರಗಿತು. ವಿಂಡೋಸ್ 10ರಲ್ಲಿ ವಿಳಾಸವನ್ನು ಬೇಕೆಂದಾಗ ಬದಲಿಸುವ ಸ್ವಿಚ್ಚೊಂದು ಇದೆಯೆಂದು ಅವನು ಹೇಳಲಿಲ್ಲ; ನಾನೂ ಕೇಳಿರಲಿಲ್ಲ.

ಕಾನೂನಿನ ಮಾತು ಒಂದೇ ಸಾಲು: 2023ರ ದತ್ತಾಂಶ ಕಾಯಿದೆ 18 ತುಂಬದವರ ಚಲನವಲನದ ಮೇಲೆ ಕಣ್ಣಿಡಬೇಡಿ ಎಂದು ಕಂಪನಿಗಳಿಗೆ ಹೇಳಿದೆ, ಸೋದರಮಾವಂದಿರಿಗೆ ಹೇಳಿಲ್ಲ. ಹೇಳಿದ್ದರೂ ಏನಾಗುತ್ತಿತ್ತು? ಚೀನಾದಂಥ ಚೀನಾ 2021ರಲ್ಲಿ ಮಕ್ಕಳ ಆನ್‌ಲೈನ್ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ, ರಾತ್ರಿ 8ರಿಂದ 9ರವರೆಗೆ ಎಂದು ಕಟ್ಟಿಹಾಕಿತು. ಅಲ್ಲಿನ ಹುಡುಗರು ದೊಡ್ಡವರ ಖಾತೆಗಳಲ್ಲಿ ಆಡತೊಡಗಿದರು.

ದೊಡ್ಡವರು ಎಂದಾಗ ನಮ್ಮಮ್ಮನ ವಿಷಯ ಬರುತ್ತದೆ. ಎರಡೂ ಕಡೆ ಸಂಬಳ ತಿನ್ನುವ ಗೂಢಚಾರನಿಗೆ ಅರ್ಥಶಾಸ್ತ್ರ 'ಉಭಯವೇತನ' ಎನ್ನುತ್ತದೆ. ಅಮ್ಮನನ್ನು ನಾನು ಮೈಸೂರು ಪಾಕಿನ ಮೇಲೆ ನೇಮಿಸಿದ್ದೆ. ಮೊಮ್ಮಗ ಅವಳಿಗೆ ಯೂಟ್ಯೂಬಿನಲ್ಲಿ ಹರಿಕಥೆ ಹಚ್ಚಿಕೊಡುತ್ತಿದ್ದ. ದಿನದ ವರದಿ ಕೇಳಿದರೆ, "ಮಗು ಪಾಪ ಓದ್ತಾನೇ ಇತ್ತು ಕಣೋ" ಎನ್ನುವಳು, ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತ.

ಆದರೆ ಸಿದ್ಧಾಂತ ಹೊಳೆದದ್ದೂ ಅಮ್ಮನಿಂದಲೇ. ಸ್ನಾನ ಮಾಡದೆ ದೇವರ ಮನೆಯ ಹೊಸ್ತಿಲು ದಾಟಿದವರನ್ನು ಅವಳು ಇವತ್ತಿಗೂ ಬಿಟ್ಟಿಲ್ಲ, ನಮ್ಮಪ್ಪನನ್ನೂ ಬಿಟ್ಟಿರಲಿಲ್ಲ. ಪಾಸ್‌ವರ್ಡಿಗೆ ಹೆದರದ ಅಳಿಯ ಅಜ್ಜಿಯ ಮಡಿಗೆ ಹೆದರುತ್ತಾನೆ. ವೈಫೈ ಡಬ್ಬಿಯನ್ನು ತಂತಿ ಸಮೇತ ದೇವರ ಮನೆಗೆ ಸಾಗಿಸಿ, ಗಣಪತಿಯ ಪಕ್ಕ ಪ್ರತಿಷ್ಠಾಪಿಸಿದೆ. ಹತ್ತಕ್ಕೆ ಸ್ವಿಚ್ ಆಫ್. ಅಮ್ಮ ಮೊದಲ ದಿನ ಮೂಗು ಮುರಿದಳು. ಮಿಣಮಿಣ ದೀಪ ನೋಡಿ ಎರಡನೇ ದಿನ ಅದಕ್ಕೂ ಒಂದು ಹೂವಿಟ್ಟಳು.

ಮೂರು ರಾತ್ರಿ ಮನೆ ಮೌನವಾಗಿತ್ತು. ನಾಲ್ಕನೆಯ ದಿನ ಬೆಳಗಿನ ಜಾವ ನಾಲ್ಕೂವರೆಗೆ ಬಚ್ಚಲಿನಲ್ಲಿ ನೀರಿನ ಸದ್ದು. ಹಲ್ಲು ಕಡಿಸುವ ಡಿಸೆಂಬರ್ ಚಳಿ. ಅಳಿಯ ತಣ್ಣೀರು ಸುರಿದುಕೊಂಡು, ಒದ್ದೆ ತಲೆಯಲ್ಲೇ ದೇವರ ಮನೆಗೆ ಹೋಗಿ, ಕೈಮುಗಿದು, ಸ್ವಿಚ್ ಹಾಕಿದ.

ಆ ಭಾನುವಾರ ಅಕ್ಕನ ಫೋನು. ಅಮ್ಮ ಗದ್ಗದಳಾಗಿ ಹೇಳುತ್ತಿದ್ದಳು: "ಬ್ರಾಹ್ಮೀ ಮುಹೂರ್ತಕ್ಕೆ ಏಳ್ತಾನೆ ಕಣೇ ನಿನ್ನ ಮಗ. ಸ್ನಾನ ಮಾಡಿ, ದೇವರ ಮನೆ ಬಾಗಿಲಲ್ಲೇ ಕೂತರೆ ಏಳು ಗಂಟೆವರೆಗೂ ಅಲ್ಲಾಡಲ್ಲ. ಎಲ್ಲಾ ನಿನ್ನ ತಮ್ಮ ಕಲಿಸಿದ್ದು."